ಅಳತೆ ತಪ್ಪದ ಮನೆ

"ಕೈ ಸ್ವಲ್ಪ ಮೇಲೆತ್ತಿ ಸಾರ್, ಎದೆ ಅಳತೆ ತಗೋತೀನಿ," ಎಂದು ಟೈಲರ್ ಆಸ್ಪತ್ರೆಯ ಮಂಚದ ಮೇಲೆ ಕೂತು ಸಲೈನ್ ಸ್ಟ್ಯಾಂಡಿಗೆ ಹೇಳಿದ. ಸ್ಟ್ಯಾಂಡ್ ಕೈ ಎತ್ತಲಿಲ್ಲ. "ಉಸಿರು ಬಿಗಿ ಹಿಡೀಬೇಡಿ, ಆಮೇಲೆ ಟೈಟಾಯ್ತು ಅಂತ ನನ್ನ ಮೇಲೇ ಬರ್ತೀರಿ," ಎಂದು ಅದಕ್ಕೆ ಬುದ್ಧಿ ಹೇಳಿ, ನಡುಗುವ ಬೆರಳುಗಳಿಂದ ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸತೊಡಗಿದ. ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು ಮೊನ್ನೆ ಬಂದವನು. ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು. ಈಗ ನೋಡಿದರೆ ಮೈಯೆಲ್ಲ ಬೆವರು, ಕೈಕಾಲೆಲ್ಲ ನಡುಕ.

"ನೋಡಿ ಸಿಸ್ಟರ್, ಮೈ ಮೇಲೆ ಪ್ರಜ್ಞೆ ಇಲ್ದಿದ್ರೂ ದುಡೀತಾನೆ ನನ್ನ ಮಗ," ಎಂದಳು ತಾಯಿ, ಹೆಮ್ಮೆಯಿಂದ.

"ಕುಡೀತಾರಾ?" ಎಂದು ಕೇಳಿದಳು ವಾರ್ಡ್ ಸಿಸ್ಟರ್.

"ಬಿಡ್ತು ಅನ್ನಿ ಸಿಸ್ಟರ್. ನಮ್ಮ ವಂಶದಲ್ಲೇ ಇಲ್ಲ."

"ಅದರ ವಾಸನೆ ಬಂದ್ರೇ ಅವ್ರಿಗೆ ತಲೆ ತಿರುಗುತ್ತೆ," ಎಂದು ಹೆಂಡತಿಯೂ ಸೇರಿಸಿದಳು.

ಸಿಸ್ಟರಿಗೆ ಇದೇನೂ ಹೊಸದಲ್ಲ. ಈ ವಾರ್ಡಿಗೆ ಬಂದ ಯಾರ ಮನೆಯ ಗಂಡಸೂ ಇದುವರೆಗೆ ಕುಡಿದವನಲ್ಲ. ಊರಿನ ಬಾರುಗಳಲ್ಲಿ ಕೂರುವವರೆಲ್ಲ ಆಕಾಶದಿಂದ ಉದುರಿದವರಿರಬೇಕು. ಅವಳು ಮಂಚದ ಎರಡೂ ಕಡೆಯ ಕಂಬಿ ಎತ್ತಿ ಹಾಕಿ, ಕಣ್ಣಿಗೆ ಚುಚ್ಚುತ್ತಿದ್ದ ದೀಪ ಆರಿಸಿ, ಇಬ್ಬರನ್ನೂ ಬಾಗಿಲ ಬಳಿ ಕರೆದಳು. "ನೋಡಿ, ದಿನಾ ಕುಡಿಯೋರಿಗೆ ಒಮ್ಮೆಲೇ ನಿಂತುಹೋದ್ರೆ ಹೀಗೇ ಆಗೋದು. ಇದು ಇಲ್ಲಿಗೇ ನಿಲ್ಲಲ್ಲ, ಫಿಟ್ಸ್ ಬರುತ್ತೆ, ಜೀವ ಹೋದ್ರೂ ಹೋಯ್ತು. ಡಾಕ್ಟ್ರು ತಲೆಗೆ ಪೆಟ್ಟು ಬಿದ್ದಿದೆಯೇನೋ ಅಂತ ಹುಡುಕ್ತಿದ್ದಾರೆ. ಕುಡೀತಿದ್ರಾ, ಎಷ್ಟು ಅಂತ ಹೇಳಿದ್ರೆ ಔಷಧಿ ಸರಿಯಾಗಿ ಕೊಡಬಹುದು. ಮಾನದ ವಿಷಯ ಆಮೇಲೆ ನೋಡ್ಕೊಳ್ಳೋಣ."

ಅತ್ತೆ ಸೊಸೆ ಇಬ್ಬರೂ ಇಲ್ಲವೇ ಇಲ್ಲವೆಂದು ತಲೆಯಾಡಿಸಿದರು. ಆದರೆ ಸಿಸ್ಟರ್ ಔಷಧಿ ಕೋಣೆಗೆ ಹೋಗುತ್ತಲೇ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆಯೇ ಬಂದಳು. "ದಿನಾ ಬೆಳಿಗ್ಗೆ ಒಂದು ಕ್ವಾರ್ಟರ್ ಸಿಸ್ಟರ್. ಅವರಪ್ಪ ಕುಡಿದು ಕುಡಿದು ಚರಂಡೀಲಿ ಬಿದ್ದು ಸತ್ರು. ಇವನು ಹೊರಗೆ ಹೋಗಿ ಹಾಳಾಗ್ಬಾರ್ದು ಅಂತ ನಾನೇ ಕೈಯಾರೆ ಅಳೆದು ಕೊಡ್ತೀನಿ. ಒಂದು ತೊಟ್ಟು ಹೆಚ್ಚಿಲ್ಲ. ಸೊಸೆಗೆ ಮಾತ್ರ ಹೇಳ್ಬೇಡಿ, ಪಾಪ, ಅವಳಿಗೆ ಏನೂ ಗೊತ್ತಿಲ್ಲ." ವಂಶದಲ್ಲೇ ಇಲ್ಲವೆಂದವಳ ಗಂಡ ಅಷ್ಟರಲ್ಲಿ ವಂಶದಿಂದಲೇ ಹೊರಬಿದ್ದಿದ್ದ.

ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಲು ಹೊರಟರೆ, ಕಾರಿಡಾರಿನ ನಲ್ಲಿಯ ಹತ್ತಿರ ಹೆಂಡತಿ ಅಡ್ಡ ನಿಂತಿದ್ದಳು. "ಸಂಜೆ ಅವ್ರು ಅಂಗಡಿ ಮುಚ್ಚಿ ಬಂದ್ಮೇಲೆ ನಾನೇ ಕೊಡ್ತೀನಿ ಸಿಸ್ಟರ್, ಒಂದೇ ಕ್ವಾರ್ಟರ್. ಬಾರಿಗೆ ಹೋದ್ರೆ ನಾಲ್ಕು ಜನ ನೋಡ್ತಾರೆ, ನಾಲ್ಕು ಮಾತಾಡ್ತಾರೆ. ನನ್ನ ಕೈಲಿದ್ರೆ ಹತೋಟೀಲಿರ್ತಾರೆ. ಅತ್ತೆಗೆ ಗೊತ್ತಾದ್ರೆ ಎದೆ ಒಡ್ಕೊಂಡ್‌ಬಿಡ್ತಾರೆ."

ಹೀಗೆ ಎರಡು ಹತೋಟಿಗಳನ್ನೂ ಕೂಡಿಸಿ ಸಿಸ್ಟರ್ ಡಾಕ್ಟರಿಗೆ ಹೇಳಿದಳು. ಔಷಧಿ ಬದಲಾಯಿತು, ಇಂಜೆಕ್ಷನ್ ಶುರುವಾಯಿತು. ನಡುಕ ಇಳಿಯುವವರೆಗೆ ಅವಳು ಮತ್ತೆ ಮತ್ತೆ ಬಂದು ನಾಡಿ ಹಿಡಿದಳು, ನೀರು ಕುಡಿಸಿದಳು, ಮೆತ್ತಗಿನ ದನಿಯಲ್ಲಿ ಇಷ್ಟನ್ನೇ ಹೇಳಿದಳು. "ಇದು ಆಸ್ಪತ್ರೆ. ನಾನು ನರ್ಸ್. ನಿಮ್ಮ ಒಂದು ಕಾಲು ಮುರಿದಿದೆ." ಟೈಲರ್ ಪ್ರತಿ ಸಲವೂ ವಿನಯದಿಂದ, "ಹಾಗಾದ್ರೆ ಪ್ಯಾಂಟಿನ ಒಂದು ಕಾಲು ಗಿಡ್ಡ ಇಡ್ಲಾ?" ಎಂದು ಕೇಳಿದ. ಒಂದು ಬೆಳಿಗ್ಗೆ ಹಾಗೆ ಕೇಳಲಿಲ್ಲ. ಸುತ್ತ ನೋಡಿ, "ತುಂಬಾ ತೊಂದ್ರೆ ಕೊಟ್ನಾ ಸಿಸ್ಟರ್?" ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಮನೆಗೆ ಕಳಿಸುವ ದಿನ ಅವಳು ಮೂವರನ್ನೂ ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದಳು. "ಇನ್ನು ಒಂದು ತೊಟ್ಟೂ ಕೂಡದು. ಮತ್ತೆ ಶುರುವಾದ್ರೆ ಮುಂದಿನ ಸಲ ಉಳಿಸಿಕೊಡ್ತೀವಿ ಅಂತ ನಾವು ಹೇಳಲ್ಲ."

"ನಾನು ಹೊರಗಡೆ ಯಾವತ್ತೂ ಮುಟ್ಟಿದವನಲ್ಲ ಸಿಸ್ಟರ್," ಎಂದ ಟೈಲರ್. "ಬೆಳಿಗ್ಗೆ ಅಮ್ಮನದು, ಸಂಜೆ ಇವಳದು."

ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು.

"ನೀನೂ ಕೊಡ್ತಿದ್ಯೇನೇ?"

"ನಾನು ಕೊಟ್ಟಿದ್ದು ಬರೀ ಕ್ವಾರ್ಟರ್ ಅತ್ತೆ."

"ನಂದೂ ಅಷ್ಟೇ. ಒಂದು ದಿನ ಅಳತೆ ತಪ್ಪಿಲ್ಲ."

ಟೈಲರ್ ತನ್ನ ಎರಡೂ ಕೈ ಚಾಚಿ ನೋಡಿಕೊಂಡ. ಬೆರಳು ಅಲುಗುತ್ತಿರಲಿಲ್ಲ. ಕತ್ತರಿ ಹಿಡಿದು ಬದುಕುವವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ, ಅವನ ಕಣ್ಣು ತುಂಬಿತು. "ಅಮ್ಮ, ಮನೆಗೆ ಹೋದ್ಮೇಲೆ ನಾನು ಕೇಳೇ ಕೇಳ್ತೀನಿ. ಅಳ್ತೀನಿ, ನಿಮ್ಮಿಬ್ರ ಕಾಲಿಗೂ ಬೀಳ್ತೀನಿ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ಆಗ ನೀವು ಕೊಡಲ್ಲ ಅಂತೀರಾ?"

"ಖಂಡಿತ ಕೊಡಲ್ಲಪ್ಪ," ಎಂದಳು ತಾಯಿ ಕಣ್ಣೊರೆಸಿಕೊಂಡು. ಆಮೇಲೆ ಮಗನ ತಲೆ ಸವರಿ, "ತೀರಾ ಸಂಕಟ ಪಟ್ರೆ ನೋಡ್ಕೊಂಡಿರೋಕಾಗುತ್ತಾ? ಒಂದು ಮುಚ್ಚಳ, ಅಷ್ಟೇ," ಎಂದಳು.

"ಒಂದು ಮುಚ್ಚಳಕ್ಕೆ ಏನೂ ಆಗಲ್ಲ, ಅಲ್ವಾ ಸಿಸ್ಟರ್?" ಎಂದಳು ಹೆಂಡತಿ.

ಸಾರಿನ ಉಪ್ಪಿಗೂ ಒಮ್ಮತಕ್ಕೆ ಬಾರದ ಅತ್ತೆ ಸೊಸೆ ಮೊದಲ ಬಾರಿಗೆ ಒಂದೇ ಮಾತಾಡಿದ್ದರು. ಟೈಲರ್ ಎತ್ತಿಕೊಂಡಿದ್ದ ಊರುಗೋಲನ್ನು ಮತ್ತೆ ಗೋಡೆಗೆ ಒರಗಿಸಿದ.

"ಸಿಸ್ಟರ್, ಈ ಮಂಚ ಬೇರೆ ಯಾರಿಗೂ ಕೊಡ್ಬೇಡಿ. ಇವ್ರಿಬ್ರನ್ನ ಅಡ್ಮಿಟ್ ಮಾಡ್ಕೊಳ್ಳಿ."