ಭಯದ ಪಾಳಿ

ನನ್ನ ಭಯವನ್ನು ಹೊರುವ ಪಾಳಿ ಇವತ್ತು ಪಕ್ಕದ ಮನೆಯ ಶಿವಲೀಲಾಳದು. ಇವತ್ತೇ ಅವಳ ಮಗಳ ಮದುವೆ.

ಗಡಿಯಿಂದ ನಾನು ಹೊತ್ತು ತಂದ ಭಯವನ್ನು ಆಸ್ಪತ್ರೆಯವರು ಒಂದು ಉಕ್ಕಿನ ಬಳೆಗೆ ಇಳಿಸಿಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡವರು ನನ್ನ ಬದಲು ಬೆಚ್ಚುತ್ತಾರೆ. ನಮ್ಮ ಓಣಿಯವರು ದಿನಕ್ಕೊಬ್ಬರಂತೆ ಹಾಕಿಕೊಳ್ಳುತ್ತಾರೆ. ಬಾಗಿಲು ಬಡಿದ ಸದ್ದಿಗೆ ಅಂಗಡಿಯ ಮೌಲಾಸಾಬ ತಕ್ಕಡಿಯ ಸಕ್ಕರೆಯನ್ನೆಲ್ಲ ಚೆಲ್ಲಿದ್ದೂ ಇದೆ. ಅವರೆಲ್ಲ ಹೀಗೆ ಬೆಚ್ಚುತ್ತಿದ್ದಾಗ ನಾನು ಆಸ್ಪತ್ರೆಯಲ್ಲಿ ರೊಟ್ಟಿ ಬಡಿಯಲು ಕಲಿತೆ. ಬಂದೂಕು ಹಿಡಿದ ಕೈಗೆ ಅದೇ ಚಿಕಿತ್ಸೆಯಂತೆ. ಮೊದಲು ಸಿಟ್ಟು ಬಂದಿತ್ತು; ಈಗ ಮದುವೆಯ ಅಡುಗೆಗೂ ನನ್ನನ್ನೇ ಕರೆಯುತ್ತಾರೆ.

ಒಲೆಯ ಮುಂದೆ ಕೂರುವ ಮೊದಲು ಶಿವಲೀಲಾಳತ್ತ ಕೈ ಚಾಚಿದೆ.

"ಬಳಿ ಇಲ್ಲಿ ಕೊಡವಾ ತಂಗಿ."

"ಬ್ಯಾಡ ಅಣ್ಣಾ, ಈಗ ಹಲಗಿ ಬಾರಸ್ತಾರ."

"ಬೆಚ್ಚಿದ್ರ ಬೆಚ್ಚತೀನಿ. ಮಗಳಿಗೆ ಅಕ್ಕಿಕಾಳ ಹಾಕೂವಾಗ ನಿನ್ನ ಕೈ ನಡಗಬಾರ್ದು."

ಬಳೆ ತೊಟ್ಟು ಹಿಟ್ಟಿಗೆ ಕೈ ಹಚ್ಚಿದೆ. ಹಲಗೆ ವಾದ್ಯದ ಮೊದಲ ಪೆಟ್ಟಿಗೇ ಕಣ್ಣು ಮುಚ್ಚಿ ನೆಲಕ್ಕೆ ಬಿದ್ದೆ. ಕಣ್ಣು ಬಿಟ್ಟಾಗ ನಾನು ಹಿಟ್ಟಿನ ಪರಾತದ ಹಿಂದೆ ಬೋರಲು ಮಲಗಿದ್ದೆ; ರೊಟ್ಟಿ ಹರಿದಿತ್ತು.

ರೊಟ್ಟಿ ಬಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಏನಾಯಿತೆಂದು ಕೇಳಲಿಲ್ಲ. ಎಲ್ಲರೂ ಆ ಬಳೆ ತೊಟ್ಟವರೇ. ನನ್ನ ಉಸಿರು ಹದಕ್ಕೆ ಬರುವವರೆಗೂ ಅವರ ಕೈಗಳು ನಿಂತಿದ್ದವು. ಆಮೇಲೆ ಪಕ್ಕದಲ್ಲಿ ಬಡಿಯುತ್ತಿದ್ದ ಗಂಗವ್ವ ಹರಿದ ರೊಟ್ಟಿಯನ್ನು ಉಂಡೆ ಮಾಡಿ ನನ್ನತ್ತ ಸರಿಸಿದಳು.

"ಮತ್ತ ಬಡಿ ಕಾಕಾ, ಹೆಂಚು ಕಾದೈತಿ."