ಚಂದ್ರನ ವಿಳಾಸ

ಯಂತ್ರಗಳಿಗೆ ಕರ್ನಲ್ ಕೋಡ್, ಅಂದರೆ ಅವನ್ನು ಒಳಗಿಂದ ನಡೆಸುವ ಮೂಲ ಪ್ರೋಗ್ರಾಮ್, ಬರೆಯುವ ವೃಷಭೇಂದ್ರ ಒಮ್ಮೆ ಮೆಮೊರಿಯ ತಪ್ಪು ವಿಳಾಸಕ್ಕೆ ಏನೋ ಬರೆದುಬಿಟ್ಟನಂತೆ, ಹುಣ್ಣಿಮೆ ಚಂದ್ರ ಅರ್ಧ ಗಂಟೆ ಹಿಂದಕ್ಕೆ ಚಲಿಸಿದನಂತೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನೇ ಹೇಳಿದ್ದು. ಚಂದ್ರನ ಮಾತು ಬಿಡಿ, ಅಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಮಟ್ಟಿಗೆ ಅವನ ಮಾತು ನಿಜ: ಅದರ ಒಂದೊಂದು ಅಂಗಕ್ಕೂ ಮೆಮೊರಿಯಲ್ಲೊಂದು ವಿಳಾಸವಿದೆ, ಆ ವಿಳಾಸವನ್ನು ಓದಿದರೆ ಅಂಗವೇ ಉತ್ತರ ಕೊಡುತ್ತದೆ.

ಆ ಪ್ರೆಸ್ಸಿಗೆ ಸಿಕ್ಕಿ ಒಬ್ಬನ ಕೈ ಹೋಗಿತ್ತು. ಕೈ ಅಡ್ಡ ಬಂದಾಗ ಯಂತ್ರವನ್ನು ನಿಲ್ಲಿಸಬೇಕಾದ ಸೆನ್ಸರ್ ಕೆಟ್ಟಿದ್ದರೆ ಅದರ ವಿಳಾಸದಲ್ಲಿ ಒಂದರ ಅಂಕಿ ಇರುತ್ತದೆ, ತಪ್ಪು ಕಂಪನಿಯದು. ಸೊನ್ನೆ ಇದ್ದರೆ ತಪ್ಪು ಕೈ ಕಳೆದುಕೊಂಡವನದೇ.

ವಿಚಾರಣೆಗೆ ಗಾಯಾಳುವಿನ ಹೆಂಡತಿ ಬಂದಳು, ಮ್ಯಾನೇಜರು ಬಂದರು. ಆ ವಿಳಾಸ ಓದಿ ತೋರಿಸಬೇಕಾದ ವೃಷಭೇಂದ್ರ ಅಂಗಿಯ ತೋಳು ಮಡಚಿದ.

"ಓದೋಕ್ಮುಂಚೆನೇ ಹೇಳ್ತೀನಿ ಕಣಕ್ಕಾ, ಒಂದು ಬರುತ್ತೆ. ಯಂತ್ರದ ಹೊಟ್ಟೇಲಿರೋದು ನಂಗೆ ಇಲ್ಲಿಂದಲೇ ಕಾಣುತ್ತೆ."

ಕೀಲಿ ಒತ್ತಿದ. ಪರದೆಯ ಮೇಲೆ ಸೊನ್ನೆ ಬಂತು.

"ಒಂದು ಅಂದ್ರಲ್ಲ ಸಾ," ಅಂದಳು ಅವಳು. "ಸುಮ್ನೆ ಅಂದ್ರಾ?"

ಅವನ ಮುಖ ಬಿಳಿಚಿಕೊಂಡಿತು. "ಇಲ್ಲಕ್ಕ. ಬೆಳಿಗ್ಗೆ ಒಬ್ನೇ ಬಂದು ಓದಿದ್ದೆ, ನಿಮ್ಮೆದುರು ಭವಿಷ್ಯ ಹೇಳಿ ಮೆರೆಯೋಣ ಅಂತ. ಆಗ ಒಂದಿತ್ತು. ಒಂದ್ಸಲ ಓದಿದ್ರೆ ತಾನೇ ಅಳಿಸಿ ಸೊನ್ನೆಯಾಗೋ ಜಾಗ ಅದು, ಮೆರೆಯೋ ಭರದಲ್ಲಿ ಮರೆತೆ. ದೇವ್ರಾಣೆ, ಇದು ನಿಜ."

ಮ್ಯಾನೇಜರು ನಗುತ್ತ ಎದ್ದರು. "ನಿಜಾನೇ ಇರಬೇಕು ಬಿಡಮ್ಮ. ಚಂದ್ರನ್ನೇ ಹಿಂದಕ್ಕೆ ಓಡಿಸಿದವರು ಇವರು."