ಕೈಯಿಂದ ನಿಲ್ಲಿಸಲಾಗಿದೆ

ಕಳೆದ ಆಯುಧಪೂಜೆಯಂದು ಡೇಟಾ ಸೆಂಟರಿನ ಸರ್ವರುಗಳನ್ನು ತಂಪಾಗಿಡುವ ಚಿಲ್ಲರುಗಳು ನಿಂತಾಗ, ಅವುಗಳನ್ನು ನಡೆಸುವ ಪಿಎಲ್‌ಸಿ ಎಂಬ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಸಾಲಿತ್ತು: ‘ಕೈಯಿಂದ ನಿಲ್ಲಿಸಲಾಗಿದೆ.’ ಕಾರಣ ಹುಡುಕಿ ಮತ್ತೆ ಓಡಿಸಿದವಳು ಆಪರೇಟರ್ ನಾಗವೇಣಿ.

“ನಿಲ್ಲಿಸಿದವಳಿಗೇ ಸ್ಟಾರ್ಟ್ ಮಾಡೋಕೆ ಬರೋದು,” ಎಂದ ಮ್ಯಾನೇಜರ್ ಅವಳಿಗೆ ಬಾಯಿ ತೆರೆಯಲೂ ಬಿಡದೆ, ಎಲ್ಲರೆದುರು ಐಡಿ ಕಾರ್ಡ್ ಕಿತ್ತುಕೊಂಡು ಗೇಟಿನಾಚೆ ಕಳಿಸಿದ್ದ.

ಈ ಆಯುಧಪೂಜೆಯಂದು ಅವನದೇ ಫೋನ್ ಬಂತು.

“ನಾಗವೇಣಿ, ಮತ್ತೆ ನಿಂತ್ಹೋಯ್ತಮ್ಮ! ಈ ಸಲಾನೂ ನಾನೇ ಕೈಯಾರೆ ಪೂಜೆ ಮಾಡಿದ್ದೆ. ಮಂಗಳಾರತಿ ಮುಗಿಯೋಷ್ಟರಲ್ಲಿ ಅದೇ ಸಾಲು. ಸರ್ವರೆಲ್ಲ ಕಾದು ಕೆಂಡ ಆಗ್ತಿವೆ.”

“ಹೇಳ್ತೀನಿ ಸರ್. ಫೋನ್ ಸ್ಪೀಕರಿಗೆ ಹಾಕಿ. ಯಾರ್ಯಾರಿದ್ದಾರೆ ಅಲ್ಲಿ?”

“ಎಲ್ಲರೂ ಇದ್ದಾರೆ. ಪೂಜೆಗೆ ಅಂತ ಡೈರೆಕ್ಟರೂ ಬಂದಿದ್ದಾರೆ.”

“ಒಳ್ಳೇದಾಯ್ತು. ನಿಲ್ಲಿಸಿದವರು ಸಿಕ್ಕಿದ್ರೆ ಏನ್ಮಾಡ್ತೀರಿ ಸರ್?”

“ಯಾರೇ ಆಗಿರಲಿ, ಈಗಿಂದೀಗಲೇ ಕಾರ್ಡ್ ಕಿತ್ಕೊಂಡು ಆಚೆ ಹಾಕ್ತೀನಿ!”

“ಎಲ್ಲರಿಗೂ ಕೇಳಿಸ್ತಲ್ಲ? ಹಾಗಾದ್ರೆ ಪ್ಯಾನೆಲ್ ಮೇಲಿರೋ ದೊಡ್ಡ ಕೆಂಪು ಗುಂಡಿ ನೋಡಿ, ಅಪಾಯ ಬಂದಾಗ ಎಲ್ಲಾ ನಿಲ್ಲಿಸೋದು. ಒಳಗೆ ಒತ್ತಿಕೊಂಡಿರುತ್ತೆ. ತಿರುಗಿಸಿ ಹೊರಗೆಳೆದ್ರೆ ಸರಿಹೋಗುತ್ತೆ. ಆದ್ರೆ ಎಳೆಯೋಕೆ ಮುಂಚೆ ಡೈರೆಕ್ಟರಿಗೆ ತೋರಿಸಿ ಸರ್. ಗುಂಡಿ ಮೇಲೆ ಹೆಬ್ಬೆರಳಲ್ಲಿ ಒತ್ತಿ ಇಟ್ಟ ಗಂಧದ ಬೊಟ್ಟಿರುತ್ತೆ, ಹೋದ ವರ್ಷದ ಹಾಗೇ.”

ಆ ಕಡೆ ಹೆಜ್ಜೆಗಳು ಪ್ಯಾನೆಲಿನತ್ತ ಹೋದ ಸಪ್ಪಳವಾಯಿತು. ಆಮೇಲೆ ಡೈರೆಕ್ಟರ ದನಿ ಕೇಳಿಸಿತು:

“ನಿಮ್ಮ ಕಾರ್ಡ್ ಕೊಡ್ರೀ.”